5 ಲಕ್ಷದೊಳಗೆ ಹಳೇ ಪಿಕಪ್: ಟೊಮೆಟೊ ಹೊರೋಕೆ ಯಾವುದು ವಾಸಿ?

ಟೊಮೆಟೊ ತೋಟ, ಶ್ರೀನಿವಾಸಪುರ

ಎಲ್ಲರಿಗೂ ನಮಸ್ಕಾರ. ನಮ್ಮದು ಮೂರು ಎಕರೆ ಟೊಮೆಟೊ, ಅರ್ಧ ಎಕರೆ ಬೀನ್ಸ್. ಇಷ್ಟು ವರ್ಷ ಬಾಡಿಗೆ ಗಾಡಿಯಲ್ಲೇ ಕೋಲಾರ ಮಂಡಿಗೆ ಹಾಕುತ್ತಿದ್ದೆವು. ರೇಟು ಇದ್ದ ದಿನ ಗಾಡಿಯವನು ಫೋನ್ ಎತ್ತುವುದಿಲ್ಲ. ರೇಟು ಬಿದ್ದ ದಿನ ಬಾಡಿಗೆ ಕೊಟ್ಟರೆ ಕೈಗೆ ಏನೂ ಉಳಿಯುವುದಿಲ್ಲ. ಸಾಕಾಗಿಹೋಗಿ, ಒಂದು ಸೆಕೆಂಡ್ ಹ್ಯಾಂಡ್ ಪಿಕಪ್ ತಗೊಳ್ಳೋಣ ಅಂತ ಮನೆಯಲ್ಲಿ ಮಾತಾಗಿದೆ.

ಲೋಡು ಹೇಳಿಬಿಡುತ್ತೇನೆ. 15 ಕೆಜಿ ಕ್ರೇಟ್, ಒಂದು ಟ್ರಿಪ್‌ಗೆ 70ರಿಂದ 90. ಖಾಲಿ ಕ್ರೇಟಿನ ತೂಕವೂ ಸೇರಿದರೆ ಒಂದೂಕಾಲರಿಂದ ಒಂದೂವರೆ ಟನ್. ಕೊಯ್ಲು ಇರುವಾಗ ದಿನ ಬಿಟ್ಟು ದಿನ, ಒಂದು ಕಡೆಗೆ ಸುಮಾರು 25 ಕಿಲೋಮೀಟರ್. ಕೆಲವು ಸಲ ಮದನಪಲ್ಲಿ ಮಾರ್ಕೆಟ್ಟಿಗೂ ಹೋಗಬೇಕಾಗುತ್ತದೆ. ಮಿಕ್ಕ ದಿನ ಮೇವು, ಗೊಬ್ಬರ.

ಬಜೆಟ್ 5 ಲಕ್ಷ, ಪೇಪರ್ ಖರ್ಚೂ ಸೇರಿ. ಟಾಟಾ ಏಸ್, ಅಶೋಕ್ ಲೇಲ್ಯಾಂಡ್ ದೋಸ್ತ್, ಮಹೀಂದ್ರ ಬೊಲೆರೊ ಪಿಕಪ್, ಮೂರಕ್ಕೂ ಹೇಳುವವರಿದ್ದಾರೆ. ನಮ್ಮ ಮಾವ ಅಂತೂ ಕಣ್ಣು ಮುಚ್ಚಿಕೊಂಡು ಏಸ್ ತಗೋ ಅಂತಾರೆ. ಓಡಿಸಿದವರು ಹೇಳಿ.

ಸಂತೆ ಬಾಡಿಗೆ, ಚಿಂತಾಮಣಿ

ಇದೊಂದು ವಿಷಯದಲ್ಲಿ ಮಾವನ ಮಾತು ಕೇಳಬೇಡಿ ಅಣ್ಣ. ಏಸ್ ಕೆಟ್ಟ ಗಾಡಿ ಅಲ್ಲ. 2005ರಲ್ಲಿ ಅದು ಬಂದಾಗ ಗೂಡ್ಸ್ ಆಟೋ ಓಡಿಸುತ್ತಿದ್ದ ಎಷ್ಟೋ ಜನ ನಾಲ್ಕು ಚಕ್ರಕ್ಕೆ ಬಂದರು. ಆದರೆ ಅದರ ಹಳೇ ಡೀಸೆಲ್ ಎಂಜಿನ್ 702 ಸಿಸಿ, ಎರಡೇ ಸಿಲಿಂಡರ್, 16 ಎಚ್‌ಪಿ. ಮುಕ್ಕಾಲು ಟನ್ ಲೆಕ್ಕದ ಗಾಡಿ. ಊರೊಳಗೆ ಅಕ್ಕಿ ಮೂಟೆ, ನೀರಿನ ಕ್ಯಾನ್‌ಗೆ ಹೇಳಿ ಮಾಡಿಸಿದ ಹಾಗಿದೆ. ನಿಮ್ಮ 90 ಕ್ರೇಟಿಗೆ ಎರಡು ಏಸ್ ಬೇಕು.

ದೋಸ್ತ್ 2011ರಲ್ಲಿ ಬಂತು. ಒಂದೂವರೆ ಲೀಟರ್, ಮೂರು ಸಿಲಿಂಡರ್, ಒಂದೂಕಾಲು ಟನ್. ಕ್ಯಾಬಿನ್ ಆರಾಮ, ಡೀಸೆಲ್ ಹಿತವಾಗಿ ಕುಡಿಯುತ್ತದೆ. 70 ಕ್ರೇಟಿಗೆ ನಿಲ್ಲಿಸುತ್ತೀರಿ ಅಂದರೆ ಅದೇ ಸಾಕು. ಆದರೆ ರೇಟು ಏರಿದ ದಿನ 70ಕ್ಕೆ ನಿಲ್ಲಿಸುವ ರೈತನನ್ನು ನಾನಂತೂ ನೋಡಿಲ್ಲ.

ಬೊಲೆರೊ ಪಿಕಪ್ ಎರಡೂವರೆ ಲೀಟರ್, ನಾಲ್ಕು ಸಿಲಿಂಡರ್. 1.3 ಟನ್, 1.7 ಟನ್ ಎರಡೂ ಇವೆ. ದೂರದಿಂದ ನೋಡಿದರೆ ಎರಡೂ ಒಂದೇ ತರ, ಅದಕ್ಕೆ ಆರ್‌ಸಿ ನೋಡದೆ ನಂಬಬೇಡಿ. ಡೀಸೆಲ್ ಸ್ವಲ್ಪ ಜಾಸ್ತಿ ಬೇಕು. ಖಾಲಿ ಓಡಿಸಿದರೆ ಬೆನ್ನಿಗೆ ಗೊತ್ತಾಗುತ್ತದೆ. ಆದರೆ ಸ್ಪೇರ್ ನಮ್ಮ ಕಡೆ ಸಣ್ಣ ಊರಲ್ಲೂ ಸಿಗುತ್ತದೆ, ಕೈ ಹಾಕುವ ಮೆಕ್ಯಾನಿಕ್ಕೂ ಸಿಗುತ್ತಾನೆ. ನನ್ನ ಓಟು 1.7ಕ್ಕೆ.

ಸ್ಪ್ಯಾನರ್ 14, ತುಮಕೂರು

ಗ್ಯಾರೇಜ್ ಇಟ್ಟು 20 ವರ್ಷ ದಾಟಿತು. ನನ್ನ ಪ್ರಕಾರ ಯಾವ ಕಂಪನಿ ಅನ್ನೋದು ಎರಡನೇ ಪ್ರಶ್ನೆ. ಈ ಗಾಡಿ ಇಲ್ಲಿವರೆಗೆ ಏನು ಹೊತ್ತಿತ್ತು ಅನ್ನೋದು ಮೊದಲನೇದು. ಒಂದೇ ವರ್ಷದ, ಒಂದೇ ಮಾಡಲ್‌ನ ಎರಡು ಪಿಕಪ್ ಇವೆ ಅಂದುಕೊಳ್ಳಿ. ಒಂದು ಜಲ್ಲಿ, ಎಂ ಸ್ಯಾಂಡ್ ಹೊಡೆದಿದ್ದು. ಇನ್ನೊಂದು ಹಾಸಿಗೆ ಅಂಗಡಿಯದು. ಎರಡರ ಮೀಟರ್‌ನಲ್ಲೂ 1 ಲಕ್ಷ ಕಿಲೋಮೀಟರ್ ಇರಬಹುದು. ಜಲ್ಲಿ ಗಾಡಿಯನ್ನು ನನಗೆ ಸುಮ್ನೆ ಕೊಟ್ಟರೂ ಬೇಡ.

ಮೀಟರ್ ನಂಬಬೇಡಿ, ಅದನ್ನು ಹಿಂದಕ್ಕೆ ತಿರುಗಿಸೋರು ಎಲ್ಲಾ ಊರಲ್ಲೂ ಇದ್ದಾರೆ. ಕ್ಲಚ್ ಪೆಡಲ್ ರಬ್ಬರ್ ನೋಡಿ. ಗೀರೆಲ್ಲ ಸವೆದು ಸೋಪಿನ ಹಾಗೆ ನುಣ್ಣಗಾಗಿದ್ದರೆ 60 ಸಾವಿರ ಅನ್ನೋದು ಸುಳ್ಳು. ಹಳೇ ಗಾಡಿಯಲ್ಲಿ ರಬ್ಬರ್ ಮಾತ್ರ ಹೊಸದಿದ್ದರೆ ಇನ್ನೂ ಅನುಮಾನ.

ಆಮೇಲೆ ಹಿಂದೆ ಹೋಗಿ, ಬಗ್ಗಿ, ಸ್ಪ್ರಿಂಗಿನ ಲೀಫ್ ಪ್ಲೇಟ್ ಎಣಿಸಿ. ಅದೇ ಮಾಡಲ್‌ಗೆ ಕಂಪನಿಯಿಂದ ಎಷ್ಟು ಬರುತ್ತವೆ ಅಂತ ಮೊದಲೇ ಕೇಳಿಕೊಂಡು ಹೋಗಿ. ಒಂದೋ ಎರಡೋ ಹೆಚ್ಚಿದ್ದರೆ ಓವರ್‌ಲೋಡ್ ಹೊಡೆದ ಗಾಡಿ. ಜಾಣರು ಮಾರೋ ಮುಂಚೆ ಎಕ್ಸ್‌ಟ್ರಾ ಪ್ಲೇಟ್ ಬಿಚ್ಚಿಬಿಡುತ್ತಾರೆ. ಆಗ ಪ್ಲೇಟುಗಳನ್ನು ಬಿಗಿದ ಯು ಬೋಲ್ಟ್ ನೋಡಿ. ನಟ್ಟಿನಿಂದ ಆಚೆ ಥ್ರೆಡ್ ಉದ್ದಕ್ಕೆ ಹೊರಗೆ ಬಂದಿದ್ದು, ಅದರ ಒಂದು ಭಾಗ ಮಾತ್ರ ಹೊಳೆಯುತ್ತಿದ್ದರೆ ಮೊದಲು ಅಲ್ಲಿ ಇನ್ನೂ ದಪ್ಪ ಕಟ್ಟು ಇತ್ತು. ಅಲ್ಲೇ ಪಕ್ಕದಲ್ಲಿ, ಸ್ಪ್ರಿಂಗಿನ ಬ್ರಾಕೆಟ್ ಚಾಸಿಗೆ, ಅಂದರೆ ಗಾಡಿಯ ಅಡಿ ಚೌಕಟ್ಟಿಗೆ, ಸೇರೋ ಜಾಗದಲ್ಲಿ ಬೆರಳಾಡಿಸಿ. ವೆಲ್ಡಿಂಗ್ ಗಂಟು ಸಿಕ್ಕಿದರೆ ಕೈ ಒರೆಸಿಕೊಂಡು ಮನೆಗೆ ಹೋಗಿ. ಚಾಸಿ ಒಂದು ಸಲ ಬಿರುಕು ಬಿಟ್ಟಿದ್ದು ಮತ್ತೆ ಬಿಡುತ್ತದೆ.

ಎಂಜಿನ್ ನೋಡೋಕೆ ಬೆಳಿಗ್ಗೆ ಹೋಗಿ. ಬಾನೆಟ್ ಮೇಲೆ ಕೈ ಇಡಿ. ಬಿಸಿ ಇದ್ದರೆ ನೀವು ಬರೋ ಮುಂಚೆಯೇ ಸ್ಟಾರ್ಟ್ ಮಾಡಿ ಇಟ್ಟಿದ್ದಾರೆ. ಟೀ ಕುಡಿದು ಬರುತ್ತೇನೆ ಅಂತ ಹೇಳಿ ಎರಡು ಗಂಟೆ ಬಿಟ್ಟು ಹೋಗಿ. ತಣ್ಣಗಿರುವಾಗ ಎಷ್ಟು ಸೆಲ್ಫ್‌ಗೆ ಹಿಡಿಯುತ್ತದೆ, ಹೊಗೆ ಯಾವ ಬಣ್ಣ, ಎರಡೂ ಗಮನಿಸಿ. ನೀಲಿ ಹೊಗೆ ನಿಲ್ಲದೆ ಬಂದರೆ ಆಯಿಲ್ ಸುಡುತ್ತಿದೆ. ಎಂಜಿನ್ ಓಡುತ್ತಿರುವಾಗ ಆಯಿಲ್ ಕ್ಯಾಪ್ ತಿರುಗಿಸಿ, ತೂತಿನ ಮೇಲೆ ತಲೆಕೆಳಗಾಗಿ ಇಡಿ. ಸ್ವಲ್ಪ ಅಲುಗಾಡಿದರೆ ಪರವಾಗಿಲ್ಲ. ಇಡ್ಲಿ ಪಾತ್ರೆ ಮುಚ್ಚಳದ ಹಾಗೆ ಕುಣಿದು ಬಿದ್ದು, ಬುಸ್ ಅಂತ ಹೊಗೆ ಬಂದರೆ ಎಂಜಿನ್ ಒಳಗೆ ಸವೆದು ಬೋರಿಗೆ ಬಂದಿದೆ ಅಂತ ಲೆಕ್ಕ. ಕ್ಯಾಪಿನ ಒಳಗೆ ಹಾಲು ಹಾಕಿದ ಕಾಫಿ ಬಣ್ಣದ ಜಿಡ್ಡು ಇದ್ದರೆ ಆಯಿಲಿಗೆ ನೀರು ಸೇರಿದೆ. ಹೆಡ್ ಗ್ಯಾಸ್ಕೆಟ್ ಹೋಗಿರಬಹುದು.

ಕ್ಲಚ್ ನೋಡೋಕೆ ಹ್ಯಾಂಡ್ ಬ್ರೇಕ್ ಎಳೆದು, ಮೂರನೇ ಗೇರಿಗೆ ಹಾಕಿ, ನಿಧಾನಕ್ಕೆ ಕ್ಲಚ್ಚಿನಿಂದ ಕಾಲು ಬಿಡಿ. ಎಂಜಿನ್ ಆಫ್ ಆಗಬೇಕು. ಆಫ್ ಆಗದೆ ಗುರ್ ಅಂತಲೇ ಇದ್ದರೆ ಕ್ಲಚ್ ಪ್ಲೇಟ್ ಸವೆದಿದೆ. ಒಂದೇ ಸಲ ಮಾಡಿ, ಹತ್ತು ಸಲ ಮಾಡಿದರೆ ಚೆನ್ನಾಗಿರೋ ಕ್ಲಚ್ಚನ್ನೂ ಸುಡುತ್ತೀರಿ.

ಇನ್ನೊಂದು. ನೆಲಕ್ಕೆ ನೀರು ಚೆಲ್ಲಿ, ಅದರ ಮೇಲೆ ಗಾಡಿಯನ್ನು ನೇರವಾಗಿ ಹಾಯಿಸಿ, ಚಕ್ರದ ಗುರುತು ನೋಡಿ. ಹಿಂದಿನ ಚಕ್ರದ ಗುರುತು ಮುಂದಿನದಕ್ಕಿಂತ ಒಂದೇ ಪಕ್ಕಕ್ಕೆ ಸರಿದಿದ್ದರೆ ಗಾಡಿ ಏಡಿ ತರ ಓರೆ ನಡೆಯುತ್ತಿದೆ. ಎಲ್ಲೋ ಗುದ್ದಿಸಿಕೊಂಡು ಚಾಸಿ ಬಾಗಿದೆ ಅಥವಾ ಆಕ್ಸಲ್ ಸರಿದಿದೆ.

ಕುರಿ ಸಂತೆ, ಶಿರಾ

ಕುರಿ ಹೊತ್ತ ಗಾಡಿ ಆದರೆ ಮೆಕ್ಯಾನಿಕ್ ಬೇಡ, ಮೂಗು ಸಾಕು 😄 ಆದರೆ ತಮಾಷೆ ಅಲ್ಲ, ಕುರಿ ಉಚ್ಚೆ ಹಿಂದಿನ ಬಾಡಿಯ ತಗಡನ್ನು ತಿಂದುಹಾಕುತ್ತದೆ. ಮ್ಯಾಟ್ ಎತ್ತಿಸಿ ನೋಡಿ.

ಟೊಮೆಟೊ ತೋಟ, ಶ್ರೀನಿವಾಸಪುರ

ಸ್ಪ್ಯಾನರ್ ಅಣ್ಣ, ನಿಮ್ಮ ಬರಹವನ್ನು ಫೋನಿನಲ್ಲಿ ಇಟ್ಟುಕೊಂಡಿದ್ದೇನೆ.

ನಿನ್ನೆ ಹೊಸಕೋಟೆ ಹತ್ತಿರ ಒಬ್ಬ ಡೀಲರ್ ಬಳಿ ಒಂದು ಪಿಕಪ್ ನೋಡಿದೆ. 1.7 ಟನ್ನಿನದು, 2018ರ ಗಾಡಿ, ಕೆಎ 20 ನಂಬರ್. ಮೀಟರ್ 96 ಸಾವಿರ. ಹೇಳಿದ್ದು 4 ಲಕ್ಷ 35 ಸಾವಿರ. ಪಳಪಳ ಅಂತಿದೆ. ಕೆಳಗೆ ಚಾಸಿಗೂ ಕಪ್ಪು ಪೇಂಟ್ ಹೊಡೆದಿದ್ದಾರೆ. ಎಂಜಿನ್ ಒಂದೇ ಸೆಲ್ಫ್‌ಗೆ ಹಿಡಿಯಿತು, ಆಯಿಲ್ ಕ್ಯಾಪ್ ಕುಣಿಯಲಿಲ್ಲ. ಪ್ಲೇಟ್ ಎಣಿಸಿದೆ, ಸರಿ ಇತ್ತು. 10 ಸಾವಿರ ಅಡ್ವಾನ್ಸ್ ಕೊಟ್ಟರೆ ಹಿಡಿದಿಡುತ್ತೇನೆ, ನಾಳೆ ಇನ್ನೊಬ್ಬರು ಬರುತ್ತಾರೆ ಅಂದ. ಕೊಡಲಾ?

ಮಲ್ಪೆ ಗಾಳಿ, ಉಡುಪಿ

ಸ್ವಲ್ಪ ತಡೆಯಿರಿ ಮಾರಾಯ್ರೆ. ಕೆಎ 20 ಅಂದರೆ ನಮ್ಮ ಉಡುಪಿ. ಉಡುಪಿ ಗಾಡಿ ಹೊಸಕೋಟೆಗೆ ಯಾಕೆ ಬಂತು ಅಂತ ಕೇಳಿದಿರಾ?

ಎಲ್ಲವೂ ಹಾಗೆ ಅಂತ ನಾನು ಹೇಳುವುದಿಲ್ಲ. ಹೆಂಚು, ತೆಂಗಿನಕಾಯಿ ಹೊತ್ತವೂ ಇರುತ್ತವೆ. ಆದರೆ ಇಲ್ಲಿ ಪಿಕಪ್ ಅಂದರೆ ಬಹಳ ಮಟ್ಟಿಗೆ ಮೀನಿನ ಗಾಡಿ. ಬೆಳಗ್ಗೆ ಮೀನು ಇಳಿಸುವ ದಕ್ಕೆಯಲ್ಲಿ ನಿಂತು ನೋಡಬೇಕು ನೀವು. ಬಾಕ್ಸಿನಲ್ಲಿ ಮೀನು, ಮೇಲೆ ಪುಡಿ ಐಸು. ಐಸು ಕರಗಿ ಉಪ್ಪು ನೀರು ದಾರಿಯುದ್ದಕ್ಕೂ ತೊಟ್ಟಿಕ್ಕುತ್ತದೆ. ಅದು ಎಲ್ಲಿಗೆ ಹೋಗುತ್ತದೆ? ಬಾಡಿಯ ಸಂದಿನಿಂದ ನೇರ ಚಾಸಿಗೆ, ಬ್ರೇಕ್ ಪೈಪಿಗೆ. ಜೊತೆಗೆ ನಮ್ಮ ಮಳೆಗಾಲ ನಾಲ್ಕು ತಿಂಗಳು. ಐದಾರು ವರ್ಷದಲ್ಲಿ ಚಾಸಿ ಹಪ್ಪಳ. ಎಂಜಿನ್ ಮಾತ್ರ ಚಂದ ಇರುತ್ತದೆ, ಯಾಕೆಂದರೆ ಮೀನು ಕೆಡಬಾರದು ಅಂತ ಎಂಜಿನ್ ಸರ್ವಿಸ್ ತಪ್ಪಿಸುವುದಿಲ್ಲ.

ಚಾಸಿಗೆ ಹೊಸ ಕಪ್ಪು ಪೇಂಟ್ ಅಂದಿರಲ್ಲ, ಅದು ನನಗೆ ಇಷ್ಟ ಆಗಲಿಲ್ಲ. ಒಂದು ಸ್ಕ್ರೂ ಡ್ರೈವರ್ ತಗೊಂಡು ಹೋಗಿ. ಬಾಡಿ ಕೆಳಗೆ, ಹಿಂದಿನ ಚಕ್ರದ ಮೇಲ್ಗಡೆ, ಚಾಸಿಯ ಒಳಬದಿಗೆ ಹಿಡಿಯಿಂದ ಬಡಿಯಿರಿ. ಟಣ್ ಅಂತ ಕೇಳಬೇಕು. ಡಬ್ ಅಂದರೆ ತುದಿಯಿಂದ ಒತ್ತಿ ನೋಡಿ.

ಮಿಷಿಗನ್ ಕನ್ನಡಿಗ

ಮಲ್ಪೆಯವರು ಹೇಳಿದ್ದು ಇಲ್ಲಿಗೂ ಅಷ್ಟೇ ನಿಜ. ಇಲ್ಲಿ ಮೀನಲ್ಲ, ರಸ್ತೆ. ಚಳಿಗಾಲದಲ್ಲಿ ಹಿಮ ಕರಗಲಿ ಅಂತ ರಸ್ತೆಗೆ ಉಪ್ಪು ಸುರಿಯುತ್ತಾರೆ. ಟೊಯೋಟಾ ಟಕೋಮಾ ಅಂದರೆ ಇಲ್ಲಿ ನಂಬಿಕೆಯ ಪಿಕಪ್. ಅದರಲ್ಲೇ 2005ರಿಂದ 2010ರ ಗಾಡಿಗಳ ಫ್ರೇಮ್ ತುಕ್ಕಿನ ವಿಷಯ ಕೋರ್ಟಿಗೆ ಹೋಗಿ, ರಾಜಿಯಾಗಿ, ಕಂಪನಿ ಎಷ್ಟೋ ಗಾಡಿಗೆ ಫ್ರೇಮನ್ನೇ ಬದಲಿಸಿ ಕೊಡಬೇಕಾಯಿತು. ಹಳೇ ಪಿಕಪ್ ತಗೊಳ್ಳುವವರು ದಕ್ಷಿಣದ ರಾಜ್ಯಗಳ ಗಾಡಿ ಹುಡುಕಿಕೊಂಡು ಸಾವಿರ ಮೈಲಿ ಹೋಗುವುದೂ ಉಂಟು. ಬಣ್ಣ ನೋಡಬೇಡಿ, ಕೆಳಗೆ ಮಲಗಿ.

ಟೊಮೆಟೊ ತೋಟ, ಶ್ರೀನಿವಾಸಪುರ

ಹೋಗಿ ಮಲಗಿದೆ.

ಡೀಲರ್ ಮೊದಲು ನಗುತ್ತಿದ್ದ. ನಾನು ಗೋಣಿಚೀಲ ಹಾಸಿಕೊಂಡು ಗಾಡಿ ಕೆಳಗೆ ಹೋದ ಮೇಲೆ ನಗು ನಿಂತಿತು. ಮುಂದಿನ ಕಡೆ ಬಡಿದೆ, ಟಣ್. ಮಧ್ಯದಲ್ಲಿ ಟಣ್. ಹಿಂದಿನ ಚಕ್ರದ ಹತ್ತಿರ ಡಬ್. ತುದಿ ಇಟ್ಟು ಒತ್ತಿದೆ. ಕಪ್ಪು ಪೇಂಟ್ ಸಿಪ್ಪೆ ತರ ಎದ್ದು ಬಂತು, ಒಳಗೆ ಬಿಳಿ ಪುಟ್ಟಿ, ಪುಟ್ಟಿ ಹಿಂದೆ ಕೆಂಪು ಪುಡಿ. ಸ್ಕ್ರೂ ಡ್ರೈವರ್ ಒಂದು ಇಂಚು ಒಳಗೆ ಹೋಯಿತು. ನನ್ನ ಮುಖದ ಮೇಲೆಲ್ಲ ತುಕ್ಕು. ಎದ್ದು ಬಂದಾಗ ಡೀಲರ್ ಅಂದ ಮಾತು: "ಸಾರ್, ಗಾಡಿ ತಗೊಳ್ಳೋಕೆ ಬಂದಿದ್ದೀರೋ ಚುಚ್ಚೋಕೆ ಬಂದಿದ್ದೀರೋ?"

ಮಲ್ಪೆ ಅಣ್ಣನಿಗೆ ಒಂದು ಕ್ರೇಟ್ ಟೊಮೆಟೊ ಬಾಕಿ ಇದೆ.

ಮಲ್ಪೆ ಗಾಳಿ, ಉಡುಪಿ

ಟೊಮೆಟೊ ಬೇಡ, ರೇಟು ನೂರು ದಾಟಿದಾಗ ನೆನಪು ಮಾಡಿಕೊಳ್ಳಿ. 🙏

ಹಳದಿ ಬೋರ್ಡ್, ದಾವಣಗೆರೆ

ನಡುವೆ ಬರುತ್ತಿದ್ದೇನೆ, ಕ್ಷಮಿಸಿ. ನಾನೂ ಹುಡುಕುತ್ತಿದ್ದೇನೆ. ಹೊಗೆ ನಿಯಮದ ಲೆಕ್ಕದಲ್ಲಿ ಹಳೇ ಬಿಎಸ್4 ತಗೊಳ್ಳಬೇಕೋ ಹೊಸ ಬಿಎಸ್6 ತಗೊಳ್ಳಬೇಕೋ ಗೊತ್ತಾಗುತ್ತಿಲ್ಲ.

ಸ್ಪ್ಯಾನರ್ 14, ತುಮಕೂರು

2020 ಏಪ್ರಿಲ್ 1ರಿಂದ ಬಿಎಸ್6. ಹೆಚ್ಚಿನ ಬಿಎಸ್6 ಡೀಸೆಲ್ ಗಾಡಿಗಳ ಸೈಲೆನ್ಸರ್ ದಾರಿಯಲ್ಲಿ ಡಿಪಿಎಫ್ ಅಂತ ಮಸಿ ಹಿಡಿಯೋ ಫಿಲ್ಟರ್ ಇರುತ್ತದೆ. ಅದು ತಾನೇ ಮಸಿ ಸುಟ್ಟುಕೊಳ್ಳಬೇಕು ಅಂದರೆ ಗಾಡಿ ಆಗಾಗ ಹೈವೇಯಲ್ಲಿ ಒಂದೇ ವೇಗದಲ್ಲಿ ಓಡಬೇಕು. ಬರೀ ಊರೊಳಗೆ ನಿಂತು ನಿಂತು ಓಡಿಸಿದರೆ ಕಟ್ಟಿಕೊಳ್ಳುತ್ತದೆ, ಲೈಟ್ ಬರುತ್ತದೆ, ಗಾಡಿ ಎಳೆಯುವುದಿಲ್ಲ. ಕೀ ಆನ್ ಮಾಡಿದಾಗ ಎಲ್ಲಾ ವಾರ್ನಿಂಗ್ ಲೈಟೂ ಹತ್ತಿ ಆರಬೇಕು. ಯಾವುದೋ ಒಂದು ಹತ್ತಲೇ ಇಲ್ಲ ಅಂದರೆ ಬಲ್ಬ್ ಕಿತ್ತಿದ್ದಾರೆ. ಸ್ಕ್ಯಾನರ್ ಹಾಕಿಸದೆ ಬಿಎಸ್6 ತಗೊಳ್ಳಬೇಡಿ.

ಹಳ್ಳಿ ಕಡೆ ಓಡಿಸೋರಿಗೆ ನಾನಿನ್ನೂ ಚೆನ್ನಾಗಿರೋ ಬಿಎಸ್4 ಕಡೆಗೇ. ಆದರೆ ಬಿಎಸ್4 ಅಂತ ಹೇಳಿ, 2020 ಮಾರ್ಚ್ ಆದ ಮೇಲೆ ಹೊಸದಾಗಿ ರಿಜಿಸ್ಟರ್ ಆದ ತಾರೀಖು ತೋರಿಸಿದರೆ ಎದ್ದು ಬನ್ನಿ.

ಫಾರಂ 29, ಹಾಸನ

ಎಲ್ಲರೂ ಗಾಡಿ ಕೆಳಗೇ ಮಲಗಿದ್ದೀರಿ. ಪೇಪರ್ ಯಾರು ನೋಡುತ್ತಾರೆ? ನಾನು ಆ ಕೆಲಸವನ್ನೇ ಮಾಡೋನು, ಅದಕ್ಕೆ ಹೇಳುತ್ತೇನೆ.

ಆರ್‌ಸಿಯಲ್ಲಿ ಎಚ್‌ಪಿ ಇದ್ದರೆ, ಅಂದರೆ ಫೈನಾನ್ಸ್ ಹೆಸರಿದ್ದರೆ, ಸಾಲ ತೀರಿತು ಅನ್ನೋ ಫಾರಂ 35 ಮತ್ತು ಫೈನಾನ್ಸ್‌ನವರ ಎನ್‌ಒಸಿ ಕೈಗೆ ಬರೋವರೆಗೂ ಪೂರ್ತಿ ದುಡ್ಡು ಕೊಡಬೇಡಿ. "ಲೋನ್ ಮುಗಿದಿದೆ, ಲೆಟರ್ ಬರುತ್ತೆ" ಅನ್ನೋ ಮಾತಿಗೆ ನಾನು ಮೂರು ಗಾಡಿ ಸೀಜ್ ಆಗಿದ್ದು ನೋಡಿದ್ದೇನೆ. ಹೆಸರು ಬದಲಾವಣೆಗೆ ಫಾರಂ 29, 30. ಸಹಿ ಮಾಡಿಸಿಕೊಂಡು ಬೀರುವಿನಲ್ಲಿ ಇಡೋದಲ್ಲ, ಹಾಕಬೇಕು. ಮಾರೋರಿಗೂ ಇದು ಗೊತ್ತಿರಲಿ: ಹೆಸರು ಬದಲಾಗದೆ ಆಕ್ಸಿಡೆಂಟ್ ಆದರೆ ಆರ್‌ಸಿಯಲ್ಲಿರೋ ಹೆಸರಿನವನೇ ಹೊಣೆ ಅಂತ 2018ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಇನ್ಶೂರೆನ್ಸ್ ಕಂಪನಿಗೆ 14 ದಿನದೊಳಗೆ ತಿಳಿಸಿ.

ಎಫ್‌ಸಿ, ಅಂದರೆ ಫಿಟ್ನೆಸ್ ಸರ್ಟಿಫಿಕೇಟ್, ಅದರ ತಾರೀಖು ನೋಡಿ. 8 ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. ಎಫ್‌ಸಿ ಮುಗಿಯೋ ತಿಂಗಳಲ್ಲೇ ಬಹಳ ಗಾಡಿ ಮಾರಾಟಕ್ಕೆ ಬರುತ್ತವೆ, ಯಾಕೆ ಅಂತ ನಿಮಗೇ ಗೊತ್ತು. ಟ್ಯಾಕ್ಸ್ ಎಲ್ಲಿವರೆಗೆ ಕಟ್ಟಿದೆ, ಚಲನ್ ಎಷ್ಟು ಬಾಕಿ ಇದೆ, ಎಂಪರಿವಾಹನ್ ಆ್ಯಪಿನಲ್ಲಿ ನೋಡಿಕೊಳ್ಳಿ.

ಪರ್ಮಿಟ್: ಆರ್‌ಸಿಯಲ್ಲಿ ಗಾಡಿ ಮತ್ತು ಲೋಡು ಸೇರಿದ ಒಟ್ಟು ತೂಕ 3000 ಕೆಜಿ ದಾಟದಿದ್ದರೆ ಪರ್ಮಿಟ್ ಬೇಡ. 1.7 ಟನ್ ಗಾಡಿ ದಾಟಿರುತ್ತದೆ. ಮದನಪಲ್ಲಿ ಅಂದರೆ ಆಂಧ್ರ, ಅದಕ್ಕೆ ತಕ್ಕ ಪರ್ಮಿಟ್ ಇದೆಯಾ ನೋಡಿ. ಓವರ್‌ಲೋಡ್ ಸಿಕ್ಕಿಬಿದ್ದರೆ 2019ರ ತಿದ್ದುಪಡಿ ಪ್ರಕಾರ ದಂಡ 20 ಸಾವಿರ, ಹೆಚ್ಚಿನ ಪ್ರತಿ ಟನ್ನಿಗೆ ಮತ್ತೆ 2 ಸಾವಿರ. ಒಂದು ದಿನದ ಟೊಮೆಟೊ ಹೋಯಿತು ಅಲ್ವಾ?

ಲೈಸೆನ್ಸ್ ಬಗ್ಗೆ ಯಾರೂ ಕೇಳಲಿಲ್ಲ, ಆದರೂ ಹೇಳುತ್ತೇನೆ. 7500 ಕೆಜಿ ಒಳಗಿನ ಗೂಡ್ಸ್ ಗಾಡಿಗೆ ಎಲ್‌ಎಂವಿ, ಅಂದರೆ ಲಘು ವಾಹನದ ಲೈಸೆನ್ಸೇ ಸಾಕು ಅಂತ 2024 ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ.

ಘಾಟಿ ಇಳಿಯೋನು, ಸಕಲೇಶಪುರ

ಖಾಲಿ ಗಾಡಿ ಓಡಿಸಿ ನೋಡಿದರೆ ಮದುವೆ ಮನೆಯಲ್ಲಿ ಹೆಣ್ಣು ನೋಡಿದ ಹಾಗೆ ಅಂತಿದ್ದರು ನಮ್ಮ ಹಳೇ ಓನರ್. ಎಲ್ಲರೂ ಚೆನ್ನಾಗೇ ಕಾಣುತ್ತಾರೆ. ಮಾತು ಹಳೇ ಕಾಲದ್ದು, ಬಿಡಿ, ಆದರೆ ಲೋಡು ಹಾಕಿ ನೋಡಿ ಅನ್ನೋದು ಸರಿ. ಹತ್ತು ಮೂಟೆ ಸಿಮೆಂಟ್ ಅಂದರೆ ಅರ್ಧ ಟನ್. ಅಷ್ಟು ಹಾಕಿ ಒಂದು ಏರು ಹತ್ತಿಸಿ. ಗೇರ್ ತಾನಾಗೇ ಜಾರಿ ನ್ಯೂಟ್ರಲ್‌ಗೆ ಬರುತ್ತದಾ, ಹಿಂದಿನ ಆಕ್ಸಲ್‌ನ ಕ್ರೌನ್ ಗೇರ್ ಕೂಗುತ್ತದಾ, ನೀರು ಬಿಸಿ ಮುಳ್ಳು ಏರುತ್ತದಾ, ಎಲ್ಲಾ ಅಲ್ಲೇ ಗೊತ್ತಾಗುತ್ತದೆ. ಇಳಿಯುವಾಗ ಬ್ರೇಕ್ ಒಂದು ಕಡೆಗೆ ಎಳೆಯಬಾರದು. ಲೋಡು ಹಾಕೋಕೆ ಬಿಡಲ್ಲ ಅನ್ನೋ ಡೀಲರ್ ಬಳಿ ನಾನಾದರೆ ಗಾಡಿ ತಗೊಳ್ಳಲ್ಲ.

ಟೊಮೆಟೊ ತೋಟ, ಶ್ರೀನಿವಾಸಪುರ

ಮೂರು ವಾರ ಆಯಿತು. ಗಾಡಿ ಬಂತು.

ಡೀಲರ್ ಅಲ್ಲ, ಚಿಂತಾಮಣಿ ಕಡೆ ಒಬ್ಬರು ಹೋಲ್‌ಸೇಲ್ ಮೊಟ್ಟೆ ವ್ಯಾಪಾರ ಮಾಡುತ್ತಿದ್ದರು, ಅವರ ಗಾಡಿ. ಬೊಲೆರೊ ಪಿಕಪ್ 1.7, 2018ರದು, ಬಿಎಸ್4, ಮೊದಲನೇ ಓನರ್. ಮೀಟರ್ 1 ಲಕ್ಷ 42 ಸಾವಿರ, ಪೆಡಲ್ ರಬ್ಬರೂ ಅಷ್ಟೇ ಸವೆದಿದೆ, ಅಂದರೆ ಮೀಟರ್ ನಿಜ ಅಂತ ನನ್ನ ಲೆಕ್ಕ. ಏನು ಹೊತ್ತಿತ್ತು ಅಂತ ಕೇಳುವುದೇ ಬೇಕಾಗಿರಲಿಲ್ಲ, ಮೂಲೆಯಲ್ಲಿ ಇನ್ನೂ ಟ್ರೇ ಇದ್ದವು. ಡ್ರೈವರ್ ಮೊದಲಿನಿಂದ ಒಬ್ಬನೇ. ಮೊಟ್ಟೆ ಒಡೆದರೆ ಸಂಬಳದಲ್ಲಿ ಹಿಡಿಯುತ್ತಿದ್ದರಂತೆ. ಅವನು ಹಂಪ್ ದಾಟಿಸೋದು ನೋಡಬೇಕಿತ್ತು, ಮಗು ಮಲಗಿರೋ ತೊಟ್ಟಿಲು ತೂಗಿದ ಹಾಗೆ.

ಚಾಸಿ ಮೇಲೆ ಧೂಳು, ಕೆಸರು, ಕಂಪನಿ ಪೇಂಟು, ಅಷ್ಟೇ. ನಮ್ಮದೇ ಗೊಬ್ಬರದ ಮೂಟೆ ಹೇರಿ ಏರು ಹತ್ತಿಸಿದೆ, ಕ್ರೌನ್ ಕೂಗಲಿಲ್ಲ. ಆದರೆ ಸ್ಪ್ಯಾನರ್ ಅಣ್ಣನ ಮೂರನೇ ಗೇರ್ ಪರೀಕ್ಷೆಯಲ್ಲಿ ಎಂಜಿನ್ ಆಫ್ ಆಗಲಿಲ್ಲ. ಟೈರ್ ಮೇಲೆ ನಾಲ್ಕು ಅಂಕಿ 1519, ಅಂದರೆ 2019ರ 15ನೇ ವಾರದ್ದು, ಪಕ್ಕದಲ್ಲಿ ಬಿರುಕು. ಎರಡನ್ನೂ ತೋರಿಸಿ ಮಾತಾಡಿದೆ. 4 ಲಕ್ಷ 70 ಸಾವಿರ ಅಂದಿದ್ದವರು 4 ಲಕ್ಷ 40ಕ್ಕೆ ಬಂದರು. ಎನ್‌ಒಸಿ ಅವರೇ ತರಿಸಿಟ್ಟಿದ್ದರು.

ಸ್ಪ್ಯಾನರ್ 14, ತುಮಕೂರು

ಅಂಗಡಿ ಅಂಗಡಿಗೆ ನಿಲ್ಲಿಸಿ ಎತ್ತಿದ ಗಾಡಿ, ಕ್ಲಚ್ ಹೋಗಿರಲೇಬೇಕು. ಪ್ಲೇಟ್ ಒಂದೇ ಹಾಕಿಸಬೇಡಿ. ಪ್ರೆಶರ್ ಪ್ಲೇಟ್, ಬೇರಿಂಗ್ ಸೇರಿಸಿ ಸೆಟ್ಟೇ ಹಾಕಿಸಿ. ಗೇರ್ ಬಾಕ್ಸ್ ಎರಡು ಸಲ ಇಳಿಸೋ ಕೂಲಿ ಉಳಿಯುತ್ತದೆ. ಇಳಿಸಿದಾಗ ಹಿಂದಿನ ಆಯಿಲ್ ಸೀಲೂ ನೋಡಿಸಿಬಿಡಿ.

ಟೊಮೆಟೊ ತೋಟ, ಶ್ರೀನಿವಾಸಪುರ

ಸೆಟ್ಟೇ ಹಾಕಿಸಿದೆ ಅಣ್ಣ. ಸೀಲೂ ಬದಲಾಯಿತು. ಟೈರ್ ಹಿಂದಿನ ಎರಡು ಹೊಸದು, ಮುಂದಿನವು ಮುಂದಿನ ಕೊಯ್ಲಿಗೆ.

ನಿನ್ನೆ ಮೊದಲನೇ ಟ್ರಿಪ್. 84 ಕ್ರೇಟ್, ಬೆಳಗಿನ ಜಾವ ನಾಲ್ಕಕ್ಕೆ ಹೊರಟೆ. ಮಾವ ಪಕ್ಕದಲ್ಲಿ ಕೂತು ದಾರಿಯುದ್ದಕ್ಕೂ ಏಸ್ ಆಗಿದ್ದರೆ ಡೀಸೆಲ್ ಉಳಿಯುತ್ತಿತ್ತು ಅನ್ನುತ್ತಾ ಬಂದರು. ಮಂಡಿಯಲ್ಲಿ ಇಳಿಸುವಾಗ ಹಮಾಲಿ ಹುಡುಗ ಹಿಂದಿನ ಡೋರ್ ಮೇಲಿದ್ದ ಕೋಳಿ ಚಿತ್ರ ನೋಡಿ, "ಅಣ್ಣ, ಇವತ್ತು ಮೊಟ್ಟೆ ಕೆಂಪಗಿದಾವಲ್ಲ" ಅಂದ. ಈಗ ಮಂಡಿಯಲ್ಲಿ ಎಲ್ಲರಿಗೂ ಅದು ಮೊಟ್ಟೆ ಗಾಡಿ. ಆ ಕೋಳಿ ಅಳಿಸೋಕೆ ಪೇಂಟರ್ 1500 ಕೇಳುತ್ತಿದ್ದಾನೆ. ಅಳಿಸಲಾ, ಬಿಡಲಾ?

ಫಾರಂ 29, ಹಾಸನ

ಎಫ್‌ಸಿಗೆ ಹೇಗಿದ್ದರೂ ಪೇಂಟ್ ಮಾಡಿಸಬೇಕು. ಅಲ್ಲಿವರೆಗೆ ಕೋಳಿ ಇರಲಿ ಬಿಡಿ.